"ನಮ್ಮಲ್ಲಿ ಇಲ್ವಾ ಇದೆಲ್ಲ?"

ನಾನು ರೇಷ್ಮೆ ಸೀರೆಗಳ ಮೇಲೆ ಕೈಯಿಂದ ಚಿತ್ರ ಬರೆಯುತ್ತೇನೆ. ಬಳ್ಳಿ, ಹಕ್ಕಿ, ಗಂಟುಗಂಟಾಗಿ ಹೆಣೆದ ಅಂಚು. ಇವನ್ನು ಕಲಿತದ್ದು ಯುರೋಪಿನ ಮಧ್ಯಯುಗದ ಸಚಿತ್ರ ಹಸ್ತಪ್ರತಿಗಳನ್ನು ನೋಡಿ. ಇಷ್ಟು ಹೇಳುವುದೇ ತಡ, ಪ್ರಶ್ನೆ ಬರುತ್ತದೆ: "ನಮ್ಮಲ್ಲಿ ಇಲ್ವಾ ಇದೆಲ್ಲ?"

ಇದೆ. ಬೇಕಾದಷ್ಟಿದೆ. ಯಾರಾದರೂ ತಿಳಿದುಕೊಳ್ಳಲು ಕೇಳಿದರೆ ನನಗೇನೂ ಬೇಸರವಿಲ್ಲ. ಆದರೆ ಒಂದು ಪ್ರದರ್ಶನದಲ್ಲಿ ಒಬ್ಬರು ಸೆರಗನ್ನು ಎರಡು ಬೆರಳಲ್ಲಿ ಎತ್ತಿ, "ಕಲಂಕಾರಿ ಬಿಟ್ಟು ಯಾರದೋ ಬೈಬಲ್ ಯಾಕಮ್ಮ ಉಡಿಸ್ತೀಯ ನಮಗೆ?" ಅಂದರು. ಸುತ್ತ ಇದ್ದವರು ನಕ್ಕರು. ಅಲ್ಲಿ ವಾದ ಬೇಡ ಅಂತ ಸುಮ್ಮನಿದ್ದೆ. ಇಲ್ಲಿ ಸುಮ್ಮನಿರುವುದಿಲ್ಲ.

ಆ ಪುಸ್ತಕಗಳೇ ಬಟ್ಟೆಯಿಂದ ಕಲಿತಿವೆ ರೀ. ಈಗಿನ ಲಕ್ಸೆಂಬರ್ಗ್ ದೇಶದ ಎಖ್ಟರ್ನಾಖ್ ಮಠದಲ್ಲಿ 11ನೇ ಶತಮಾನದಲ್ಲಿ ಚಿನ್ನದ ಅಕ್ಷರದ ಸುವಾರ್ತೆಯೊಂದನ್ನು ಬರೆದರು. ಈಗ ಅದು ಜರ್ಮನಿಯ ನ್ಯೂರೆಂಬರ್ಗ್‌ನ ಮ್ಯೂಸಿಯಂನಲ್ಲಿದೆ. ಅದರ ಕೆಲವು ಪುಟಗಳಲ್ಲಿ ಕಥೆಯೂ ಇಲ್ಲ, ಸಂತರೂ ಇಲ್ಲ. ಪುಟದ ತುಂಬ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ರೇಷ್ಮೆಯ ವಿನ್ಯಾಸ, ಬಣ್ಣದಲ್ಲಿ ಬರೆದದ್ದು. ನಮ್ಮಲ್ಲಿ ಓಲೆಗರಿಯ ಕಟ್ಟನ್ನು ವಸ್ತ್ರದಲ್ಲಿ ಸುತ್ತಿಡುತ್ತಿದ್ದರಲ್ಲ, ಅವರು ಆ ವಸ್ತ್ರವನ್ನೇ ಪುಸ್ತಕದೊಳಗೆ ಬರೆದುಬಿಟ್ಟರು. ಬಟ್ಟೆಯಿಂದ ಪುಟಕ್ಕೆ ಹೋದದ್ದನ್ನು ನಾನು ಮತ್ತೆ ಬಟ್ಟೆಗೆ ತರುತ್ತಿದ್ದೇನೆ. ಇದರಲ್ಲಿ ಯಾರದು ಎಷ್ಟು ಅಂತ ಹೇಗೆ ಪಾಲು ಮಾಡುತ್ತೀರಿ?

ಬಣ್ಣಗಳ ಕಥೆಯೂ ಹಾಗೇ. ಆ ಕಾಲದ ದುಬಾರಿ ನೀಲಿ ಅಫ್ಘಾನಿಸ್ತಾನದ ಬದಕ್ಷಾನ್ ಗಣಿಗಳ ಕಲ್ಲಿನಿಂದ ಬರುತ್ತಿತ್ತು. ಕೆಂಪಿಗೆ ಬೇಕಾದ ಅರಗು, ಪತಂಗದ ಮರದ ಚಕ್ಕೆ ನಮ್ಮ ಕಡೆಯಿಂದಲೂ ಹೋಗುತ್ತಿದ್ದವು. ಇನ್ನು ಚಿನ್ನ. ಉಬ್ಬು ತಳ ಮಾಡಿ, ಅದರ ಮೇಲೆ ಚಿನ್ನದ ರೇಕು ಅಂಟಿಸಿ, ತಿಕ್ಕಿ ಹೊಳಪು ಕೊಡುತ್ತಿದ್ದರು. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಈ ಕೆಲಸದ ಗುರುತು ತಕ್ಷಣ ಸಿಗುತ್ತದೆ.

ನಿಜವಾಗಿ ನನ್ನನ್ನು ಕೇಳಬೇಕಾದದ್ದು ಬೇರೆ: ಆ ಪುಟಗಳಿಂದ ಏನನ್ನು ಬಿಟ್ಟಿರಿ?

ಮೊದಲು ಬಿಟ್ಟದ್ದು ಅಕ್ಷರ. ಸೀರೆಯ ಅಂಚು ಪಾದಕ್ಕೆ ತಾಗುತ್ತದೆ, ನೆಲಕ್ಕೂ ತಾಗುತ್ತದೆ. ಯಾರೋ ಭಕ್ತಿಯಿಂದ ಬರೆದ ವಾಕ್ಯವನ್ನು ಅಲ್ಲಿಡಲು ನನಗೆ ಮನಸ್ಸಿಲ್ಲ. ಸಂತರ ಮುಖವನ್ನೂ ಬರೆಯುವುದಿಲ್ಲ. ಬೈಬಲ್ ಉಡಿಸ್ತೀಯ ಅಂದವರಿಗೆ ಇದು ಉತ್ತರ. ನಾನು ತೆಗೆದುಕೊಳ್ಳುವುದು ಪುಟದ ಅಂಚನ್ನು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ 14ನೇ ಶತಮಾನದ ಲಟ್ರೆಲ್ ಕೀರ್ತನೆಗಳ ಪುಸ್ತಕವಿದೆ. ಅದರ ಅಂಚಿನಲ್ಲಿ ಎತ್ತು ಕಟ್ಟಿ ಉಳುವವರಿದ್ದಾರೆ, ಬಿತ್ತುವವರಿದ್ದಾರೆ. ಆ ಕಾಲದ ಎಷ್ಟೋ ಪುಸ್ತಕಗಳ ಅಂಚಿನಲ್ಲಿ ಯೋಧರು ಬಸವನಹುಳುಗಳ ಜೊತೆ ಕತ್ತಿ ಹಿಡಿದು ಕಾದಾಡುತ್ತಾರೆ! ನನಗೆ ಪ್ರಾಣ ಅಂದರೆ ಆ ಬಸವನಹುಳುಗಳು. ಅವು ಸೆರಗಿಗೆ ಬರುತ್ತವೆ.

ಒಡಲನ್ನು ಹೆಚ್ಚುಕಡಿಮೆ ಖಾಲಿ ಬಿಡುತ್ತೇನೆ. ಹೆಣಿಗೆಯ ವಿನ್ಯಾಸ ನೆರಿಗೆಯಲ್ಲಿ ತುಂಡುತುಂಡಾಗಿ ಕಾಣುತ್ತದೆ. ಪುಟವನ್ನು ಯಾರೂ ನೆರಿಗೆ ಹಿಡಿಯುವುದಿಲ್ಲವಲ್ಲ. ಆ ಪುಸ್ತಕಗಳ ಚರ್ಮದ ಹಾಳೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆ ನಿಲ್ಲುತ್ತದೆ. ರೇಷ್ಮೆಯಲ್ಲಿ ಬಣ್ಣ ಹರಡದಂತೆ ಗುಟ್ಟಾ ಎಂಬ ಅಂಟಿನಂಥ ದ್ರವದಿಂದ ಗೆರೆ ಎಳೆಯಬೇಕು, ಅದು ದಪ್ಪ. ಹಾಗಾಗಿ ಪ್ರತಿ ಹೆಣಿಗೆಯನ್ನೂ ಅಗಲ ಮಾಡಿ, ಎಳೆಗಳನ್ನು ಕಡಿಮೆ ಮಾಡಿ, ಹೊಸದಾಗಿ ಬಿಡಿಸಿಕೊಳ್ಳಬೇಕು. ಕಾಪಿ ಮಾಡಿದರೆ ಮುಗಿಯುವ ಕೆಲಸ ಅಲ್ಲ ಇದು.

ಚಿನ್ನವನ್ನೂ ಬಿಟ್ಟಿದ್ದೇನೆ. ಉಬ್ಬು ತಳ ಸೀರೆಯ ಮಡಿಕೆಯಲ್ಲಿ ಬಿರಿಯುತ್ತದೆ, ಮೇಲಿನ ರೇಕು ಉದುರುತ್ತದೆ. ಹೊಳಪು ಬೇಕಿದ್ದ ಕಡೆ ಅರಿಶಿನ ಬಣ್ಣದ ಪಕ್ಕ ಕಡುನೀಲಿ ಇಡುತ್ತೇನೆ. ಮದುವೆ ಸೀರೆಗೆ ಬಂದವರು "ಸ್ವಲ್ಪ ಗೋಲ್ಡ್ ಹಾಕಿ ಮೇಡಂ" ಅಂತ ಕೇಳುತ್ತಲೇ ಇರುತ್ತಾರೆ. ಹಾಕುವುದಿಲ್ಲ.