ಪ್ರಾರ್ಥನೆಗೆ ಹೊತ್ತು ಎಲ್ಲಿಂದ ತರುವುದು?

"ಮನೆ, ಮಕ್ಕಳು, ಕೆಲಸ ಅಂತ ದಿನವೇ ಸಾಲುವುದಿಲ್ಲ. ಇದರ ನಡುವೆ ಪ್ರಾರ್ಥನೆಗೆ ಹೊತ್ತು ಹೇಗೆ ಹೊಂದಿಸುತ್ತೀರಿ?" ಪ್ರಾರ್ಥನಾ ಕೂಟ ಮುಗಿದ ಮೇಲೆ ಯಾರಾದರೊಬ್ಬರು ಹತ್ತಿರ ಬಂದು ಮೆಲ್ಲಗೆ ಇದನ್ನು ಕೇಳಿಯೇ ಕೇಳುತ್ತಾರೆ.

ಬಿಡುವು ಸಿಕ್ಕಾಗ ಮಾಡೋಣ ಅಂದುಕೊಂಡರೆ ಪ್ರಾರ್ಥನೆ ಆಗುವುದೇ ಇಲ್ಲ. ಅದರ ಹೊತ್ತನ್ನು ಮೊದಲು ಗೊತ್ತು ಮಾಡಿ, ಉಳಿದ ಕೆಲಸಗಳನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು. ನಾನು ಹೇಳುವುದು ಇಷ್ಟನ್ನೇ.

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ನೋಡಿ. ಕಪೆರ್ನೌಮಿನಲ್ಲಿ ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ಯೇಸುಸ್ವಾಮಿ ಎಷ್ಟೋ ರೋಗಿಗಳನ್ನು ಗುಣಪಡಿಸಿದ. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಜಾಗಕ್ಕೆ ಹೋಗಿ ಪ್ರಾರ್ಥಿಸಿದ. ಶಿಷ್ಯ ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂದರು. ಅಲ್ಲಿಗೇ ಮರಳಿ ಹೋಗಬಹುದಿತ್ತು. ಆದರೆ ಆತ, ಹತ್ತಿರದ ಬೇರೆ ಊರುಗಳಿಗೆ ಹೋಗೋಣ ಅಂದ. ಓದಿದಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವ ಮಾತು ಇದು. ಕರೆದ ಕಡೆಗೆಲ್ಲ ಓಡುವುದಲ್ಲ, ಇಂದಿನ ಕೆಲಸಗಳಲ್ಲಿ ನಿಜಕ್ಕೂ ನನ್ನದು ಯಾವುದು ಅನ್ನುವುದು ಆ ಏಕಾಂತದಲ್ಲಿ ತಿಳಿಯಾಗುತ್ತದೆ.

ಹಳೆಯ ಒಡಂಬಡಿಕೆಯ ದಾನಿಯೇಲನಿಗೇನು ಬಿಡುವಿತ್ತೇ? 120 ಮಂದಿ ದೇಶಾಧಿಪತಿಗಳ ಮೇಲಿದ್ದ ಮೂವರು ಮುಖ್ಯಾಧಿಕಾರಿಗಳಲ್ಲಿ ಆತ ಒಬ್ಬ. ಆದರೂ ದಿನಕ್ಕೆ ಮೂರು ಸಲ ಮೊಣಕಾಲೂರುತ್ತಿದ್ದ. ರಾಜನಿಗಲ್ಲದೆ ಬೇರೆ ಯಾರಿಗೆ ಪ್ರಾರ್ಥಿಸಿದರೂ ಸಿಂಹಗಳ ಗುಹೆಗೆ ಹಾಕುತ್ತೇವೆಂಬ ಆಜ್ಞೆ ಹೊರಟ ದಿನವೂ ಆ ರೂಢಿ ತಪ್ಪಲಿಲ್ಲ.

ನಮ್ಮ ದಿನ ಹೇಗೆ ಶುರುವಾಗುತ್ತದೆ? ಅಲಾರಾಂ ನಿಲ್ಲಿಸಲು ಫೋನ್ ಎತ್ತಿಕೊಂಡ ಕೈ ಅದನ್ನು ಕೆಳಗಿಡುವುದಿಲ್ಲ. ಒಂದು ಮೆಸೇಜ್, ಅದಕ್ಕೊಂದು ಉತ್ತರ, ಗುಂಪಿನಲ್ಲಿ ಯಾರೋ ಹಾಕಿದ ವಿಡಿಯೊ. ಮುಖ ತೊಳೆಯುವ ಮೊದಲೇ ಮನಸ್ಸು ಹತ್ತು ಕಡೆ ಹಂಚಿಹೋಗಿರುತ್ತದೆ. ಹಾಗಾಗಿ ರಾತ್ರಿಯೇ ಫೋನನ್ನು ಬೇರೆ ಕೋಣೆಯಲ್ಲಿಡಿ, ಎಬ್ಬಿಸಲು ಒಂದು ಗಡಿಯಾರ ಸಾಕು. ಬೆಳಿಗ್ಗೆಯೇ ಆಗಬೇಕೆಂಬ ಹಟ ನನಗಿಲ್ಲ. ರಾತ್ರಿ ಪಾಳಿಯವರಿಗೆ ಅದು ಆಗದ ಮಾತು. ಊಟದ ಬಿಡುವಿನ ಹತ್ತು ನಿಮಿಷವಾದರೂ ಸರಿ, ದಿನವೂ ಅದೇ ಹೊತ್ತು, ಅದೇ ಜಾಗ ಇರಲಿ.

ಇನ್ನು, ಕಣ್ಣು ಮುಚ್ಚಿದ ಕೂಡಲೇ ಕಟ್ಟಬೇಕಾದ ಬಿಲ್ಲು ನೆನಪಾಗುತ್ತದೆ, ಮಗಳ ಪರೀಕ್ಷೆ ನೆನಪಾಗುತ್ತದೆ. ಬಹಳ ಜನ ಇಲ್ಲೇ ಸೋತು ಎದ್ದುಬಿಡುತ್ತಾರೆ. ಆ ಯೋಚನೆಯನ್ನು ಓಡಿಸಲು ಹೆಣಗಬೇಡಿ, ಅದನ್ನೇ ಹೇಳಿಕೊಳ್ಳಿ: "ತಂದೆಯೇ, ಈ ತಿಂಗಳು ಕೈ ಬಿಗಿಯಾಗಿದೆ, ದಾರಿ ತೋರಿಸು. ಮಗಳು ಹೆದರಿದ್ದಾಳೆ, ಧೈರ್ಯ ಕೊಡು." ಅಡ್ಡಿ ಅಂದುಕೊಂಡಿದ್ದೇ ಬಿನ್ನಹವಾಗುತ್ತದೆ.

ಹಸುಗೂಸಿನ ತಾಯಂದಿರಿಗೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಗೊತ್ತಾದ ಹೊತ್ತು ಅನ್ನುವುದೇ ಇರುವುದಿಲ್ಲ. ಅವರ ಮೇಲೆ ಇದೊಂದು ಹೊರೆಯನ್ನೂ ಹೇರಬಾರದು. ಕರ್ತನಾದ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಮಗುವಿಗೆ ಹಾಲೂಡಿಸುತ್ತಲೋ, ಹಾಸಿಗೆಯ ಬಟ್ಟೆ ಬದಲಿಸುತ್ತಲೋ ನಿಧಾನವಾಗಿ ಹೇಳಿಕೊಳ್ಳಿ. ನಡುವೆ ಯಾರಾದರೂ ಕರೆದರೆ ಹೋಗಿ ಬನ್ನಿ, ಬಿಟ್ಟ ಸಾಲಿನಿಂದಲೇ ಮುಂದುವರಿಸಿ.