ಇಬ್ಬರು ರಾಜಕುಮಾರ್, ಒಂದು ಚಹಾ

ಇವತ್ತು ವಿಜಯಪುರದ ಗಾಂಧಿ ಚೌಕ್ ಹತ್ತಿರ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಕೂತ ಕಾಕಾ ಅವರ ಗೆಳೆಯನಿಗೆ, "ರಾಜಕುಮಾರ್ ಮೊದ್ಲ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಇದ್ದ್ರು" ಅಂದರು. ನಾನು ಸುಮ್ನೆ ಇರಬೇಕಿತ್ತು. "ಏ ಕಾಕಾ, ಅಣ್ಣಾವ್ರು ನಾಟಕ ಕಂಪನಿಯಿಂದ ಬಂದವ್ರು" ಅಂದುಬಿಟ್ಟೆ. ಕಾಕಾ ಬಸಿಯಲ್ಲಿದ್ದ ಚಹಾ ಸೊರ್ರ್ ಅಂತ ಎಳೆದು, "ನಾ ಹಿಂದಿಯವನ ಬಗ್ಗೆ ಹೇಳಾಕತ್ತೀನಿ ತಮ್ಮಾ" ಅಂದರು. ಸೋತೆ.

ತಮಾಷೆ ಅಂದ್ರೆ, ಇಬ್ಬರಿಗೂ ಅದು ಹುಟ್ಟಿದಾಗ ಇಟ್ಟ ಹೆಸರಲ್ಲ. ನಮ್ಮವರು ಮುತ್ತುರಾಜ್. 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ಆದರು. ಮುಂಬೈ ಪೊಲೀಸರಲ್ಲಿದ್ದ ಆ ಹಿಂದಿ ನಟ ಕುಲಭೂಷಣ ಪಂಡಿತ್. ಆ ಹೆಸರಲ್ಲೂ ಏನು ಗತ್ತು ಇದೆ, ಅಲ್ವಾ? ಯಾಕೆ ಬಿಟ್ಟರೋ.

ನಮ್ಮೂರಲ್ಲಿ ಈ ಗೊಂದಲ ಹಳೇದು. ಇಲ್ಲಿ ಆಳಿದ ಸುಲ್ತಾನರಲ್ಲೇ ಇಬ್ಬರು ಅಲಿ ಆದಿಲ್ ಶಾ. ಒಬ್ಬ 1565ರಲ್ಲಿ ವಿಜಯನಗರದ ಮೇಲೆ ಹೋದವನು. ಇನ್ನೊಬ್ಬ ತನ್ನ ಗೋರಿಗೆ ಅಂತ ಬಾರಾ ಕಮಾನ್ ಶುರು ಮಾಡಿದವನು. ಅದು ಪೂರ್ತಿ ಆಗಲೇ ಇಲ್ಲ, ಬರೀ ಕಮಾನುಗಳು ನಿಂತಿವೆ. ಶಾಲೆಯಲ್ಲಿ ನಾನು ಇಬ್ಬರನ್ನೂ ಸೇರಿಸಿ ಒಬ್ಬನೇ ಅಲಿ ಮಾಡಿ ಬರೆದಿದ್ದೆ. ಅರ್ಧ ಮಾರ್ಕ್ಸ್ ಕೊಟ್ಟಿದ್ದರು.

ಚಹಾದ ದುಡ್ಡು ಮಾತ್ರ ಕಾಕಾನೇ ಕೊಟ್ಟರು.