ಹೀರೋ ಯಾರು ಅಂತ ಕೇಳುವವರಿಗೆ

ಅಂಕೋಲೆಯಲ್ಲಿ ಇತಿಹಾಸ ಪಾಠ ಮಾಡುವ ನನಗೆ ಆಗಸ್ಟ್ ಬಂತೆಂದರೆ ಒಂದೇ ಪ್ರಶ್ನೆ. ಮಕ್ಕಳು ಕೇಳುತ್ತಾರೆ, ಅವರ ಅಪ್ಪಂದಿರೂ ಕೇಳುತ್ತಾರೆ. "ಸರ್, ಸ್ವಾತಂತ್ರ್ಯ ಹೋರಾಟದಲ್ಲಿ ನಿಜವಾದ ಹೀರೋ ಯಾರು? ಬಂದೂಕು ಹಿಡಿದವರಾ, ಜೈಲಿಗೆ ಹೋದವರಾ?"

ಬಂದೂಕೋ ಜೈಲೋ ಅನ್ನುವುದು ಆಮೇಲಿನ ಮಾತು. ತನಗೆ ಏನು ಹೋಗುತ್ತದೆ ಅಂತ ಸರಿಯಾಗಿ ಗೊತ್ತಿದ್ದು, ಅದನ್ನು ತನ್ನ ಮನೆಯಿಂದಲೇ ಕೊಟ್ಟವರು ನನಗೆ ಹೀರೋ.

1930ರ ಏಪ್ರಿಲ್ 13ರಂದು, ಗಾಂಧೀಜಿ ದಾಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಇದು ಎಲ್ಲ ಭಾಷಣಗಳಲ್ಲೂ ಬರುತ್ತದೆ, ಬರಲೇಬೇಕು. ಆದರೆ ನಾನು ಜಾಸ್ತಿ ಹೊತ್ತು ಹೇಳುವುದು ಅದರ ನಂತರದ ಕರನಿರಾಕರಣೆಯ ಬಗ್ಗೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಜಗತ್ತಿನಲ್ಲೆಲ್ಲ ಧಾರಣೆ ಬಿದ್ದ ಕಾಲ ಅದು, ರೈತರ ಕೈಯಲ್ಲಿ ಕಾಸಿರಲಿಲ್ಲ. ಅಂಕೋಲೆ, ಸಿದ್ದಾಪುರದ ಕಡೆಯ ರೈತರು ಕಂದಾಯ ಕಟ್ಟುವುದಿಲ್ಲ ಅಂದರು. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜಿಗಿಟ್ಟಿತು. ಹಾಗಾಗಬಹುದು ಅಂತ ಅವರಿಗೆ ಮೊದಲೇ ಗೊತ್ತಿತ್ತು, ಕಟ್ಟಿಬಿಟ್ಟಿದ್ದರೆ ಗದ್ದೆ ಉಳಿಯುತ್ತಿತ್ತು ಅಲ್ವಾ? ಗದ್ದೆಯೇ ಅನ್ನ, ಗದ್ದೆಯೇ ಮಗಳ ಮದುವೆ, ಅಪ್ಪ ಸತ್ತ ಮೇಲೆ ಮಕ್ಕಳಿಗೆ ಉಳಿಯುವುದೂ ಅದೇ. ಒಂದು ದಿನ ಎದೆಯೊಡ್ಡಿ ನಿಲ್ಲುವುದಕ್ಕೆ ಒಂದು ಧೈರ್ಯ ಬೇಕು. ನಮ್ಮ ಮನೆಯ ಗದ್ದೆಯನ್ನು ಬೇರೆ ಯಾರೋ ಊಳುವುದನ್ನು ದಿನಾ ನೋಡುತ್ತ ಬದುಕುವುದಕ್ಕೆ ಅದಕ್ಕಿಂತ ದೊಡ್ಡದು ಬೇಕು, ನನ್ನ ಮಟ್ಟಿಗೆ.

ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯ ಹೆಂಗಸರನ್ನು ನಾನು ಇನ್ನೂ ಒಂದು ಮೆಟ್ಟಿಲು ಮೇಲಿಡುತ್ತೇನೆ. 1932ರಲ್ಲಿ ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಹಿಡಿದವರ ಮನೆ ಮುಂದೆ ಅವರು ಉಪವಾಸ ಕೂತರು. ಯೋಚನೆ ಮಾಡಿ. ಎದುರಿಗಿದ್ದದ್ದು ಬ್ರಿಟಿಷ್ ಅಧಿಕಾರಿಯಲ್ಲ, ನಮ್ಮವರೇ. ಅವರ ಮೇಲೆ ಕೈ ಮಾಡಲಿಲ್ಲ, ಮನೆಗೆ ಬೆಂಕಿ ಇಡಲಿಲ್ಲ, ತಮ್ಮ ಹೊಟ್ಟೆಯನ್ನೇ ಸುಟ್ಟುಕೊಂಡು ಕೂತರು. ಅಲ್ಲಿ ಸ್ಮಾರಕ ಇದೆ. ಜೋಗಕ್ಕೆ ಹೋಗುವವರು ಹತ್ತು ನಿಮಿಷ ಗಾಡಿ ನಿಲ್ಲಿಸಿ ನೋಡಿ, ದಯವಿಟ್ಟು.

ಹಾಗಂತ ಜೈಲಿಗೆ ಹೋದ ನಾಯಕರು ಕಡಿಮೆ ಅಂತಲ್ಲ. ಆದರೆ ನಾಯಕರಿಗೆ ಹೆಸರು ಸಿಕ್ಕಿತು, ಅವರ ಮಾತು ನಂಬಿ ಗದ್ದೆ ಬಿಟ್ಟವನಿಗೆ ಸಿಗಲಿಲ್ಲ. ಇನ್ನೊಂದು ಮಾತು, ಹೋರಾಟ ಪರಂಗಿಯವರ ಜೊತೆ ಮಾತ್ರ ಇರಲಿಲ್ಲ. ನಮ್ಮೂರಿನ ದಿನಕರ ದೇಸಾಯಿಯವರು ಗೇಣಿದಾರ ರೈತರ ಪರ ನಿಂತು ಜಿಲ್ಲೆಯಿಂದಲೇ ಗಡಿಪಾರಾದರು. ಅದೂ ಸ್ವಾತಂತ್ರ್ಯದ ಹೋರಾಟವೇ.

"ಆ ಜಮೀನೆಲ್ಲ ವಾಪಸ್ ಬಂತಾ ಸರ್?" ಅಂತ ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು. ಮುಂಬಯಿಯಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ 1938ರಲ್ಲಿ ಕಾನೂನು ಮಾಡಿ ವಾಪಸ್ ಕೊಡಿಸಿದರು ಅಂದೆ. ಅವಳ ಮುಖ ಅರಳಿತು. ಒಂದು ಕ್ಷಣ ಬಿಟ್ಟು ಮತ್ತೆ ಕೇಳಿದಳು: "ವಾಪಸ್ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಿತ್ತಾ?"

ಇಲ್ಲಮ್ಮ. 1932ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.